ಇಸ್ಯೊಂಗ್ ಅಜ್ಜನ ಕಿವಿ

ಅಬುನೊ, ಮಕ್ತಾನ್ ದ್ವೀಪ
೧೪ ಮೇ ೧೯೯೭, ಬುಧವಾರ

ಪ್ರೀತಿಯ ಅಜ್ಜಾ,

ನನಗೆ ಕೇಳಿಸುತ್ತಿರಲಿಲ್ಲ. ನೀವು ಗಿಟಾರಿನ ಮೇಲ್ಹಲಗೆಯನ್ನು ಮೂಲೆಯಲ್ಲಿ ಹಿಡಿದೆತ್ತಿ, ಹೆಬ್ಬೆರಳಿನಿಂದ ತಟ್ಟಿ, "ಈಗ?" ಎಂದು ಕೇಳುತ್ತಿದ್ದಿರಲ್ಲ, ನಾನು ಕೈ ಎತ್ತುತ್ತಿದ್ದೆನಲ್ಲ, ಆ ಒಂದೂವರೆ ವರ್ಷದಲ್ಲಿ ಒಂದು ದಿನವೂ ನನಗೆ ಏನೂ ಗೊತ್ತಾಗಿರಲಿಲ್ಲ. ತಟ್ಟಿದ ಸದ್ದು ಕೇಳುತ್ತಿತ್ತು, ನನ್ನ ಕಿವಿಗೆ ಏನೂ ಆಗಿಲ್ಲ. ಆದರೆ ಹತ್ತು ಸಲ ಕೀಸುವ ಮೊದಲಿನ ಸದ್ದಿಗೂ ಆಮೇಲಿನ ಸದ್ದಿಗೂ ಏನು ವ್ಯತ್ಯಾಸ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಆರೋಗ್ಯ ವಿಚಾರಿಸುತ್ತಾ ಕೂತರೆ ಹಾಳೆ ತುಂಬಿ ಇದು ಉಳಿದುಹೋಗುತ್ತದೆ. ಹಿಂದಿನ ಎರಡು ಪತ್ರಗಳಲ್ಲೂ ಹಾಗೇ ಆಯಿತು.

ಈಗ ಹೇಳಿ, ಹೇಗಿದ್ದೀರಿ? ಪುರಿಂಗ್ ಅತ್ತೆ ವಾರಕ್ಕೆರಡು ಸಲ ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋಗುತ್ತಾರೆ, ಮೊಣಕಾಲು ಮಡಿಸಲು ಬರುತ್ತಿದೆ ಎಂದು ಬರೆದಿದ್ದಿರಿ. ಅಮ್ಮ ಅದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದಳು. ಹಡಗು ದುರಸ್ತಿಯ ಕಟ್ಟೆಯಲ್ಲಿ ಕೆಲಸ ಜಾಸ್ತಿಯಾಗಿ ಅಪ್ಪ ಮನೆಗೆ ಬರುವುದೇ ನಿದ್ದೆ ಮಾಡಲು. ಅತ್ತೆ ಮಾಡುವ ಸಿಹಿ ಬನ್ನನ್ನು ನೀವು ದಿನಕ್ಕೆ ಮೂರು ತಿನ್ನುತ್ತೀರಂತೆ, ಕಡಿಮೆ ಮಾಡಿ. ಅವರ ಪಕ್ಕದ ಮನೆಗೆ ಫೋನು ಬಂದಿದೆಯಂತೆ, ಅದರಿಂದ ನಮಗಿಬ್ಬರಿಗೆ ಏನೂ ಪ್ರಯೋಜನವಿಲ್ಲ. ಎದುರು ಕೂತು ಹೇಳಿದರೂ ನಿಮಗೆ ಕೂಗಿಯೇ ಹೇಳಬೇಕು. ತಪ್ಪನ್ನು ಕೂಗಿ ಒಪ್ಪಿಕೊಂಡರೆ ಇಡೀ ಬೀದಿಗೆ ಒಪ್ಪಿಕೊಂಡಂತೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ನೀವೇ ಓದಿ. ಕನ್ನಡಕದ ಕಡ್ಡಿ ಇನ್ನೂ ಮುರಿದೇ ಇದ್ದರೆ ದಾರ ಕಟ್ಟಿಕೊಂಡಾದರೂ ಓದಿ, ಅತ್ತೆಯ ಕೈಗೆ ಕೊಡಬೇಡಿ.

ಸುಳ್ಳು ಹೇಳಬೇಕೆಂದು ಶುರುಮಾಡಿದ್ದಲ್ಲ, ಇದನ್ನು ನಂಬಿ. ಮೊದಲ ದಿನ ನೀವು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ನನ್ನ ಕಿವಿ ಮುಗೀತು ಸಿತೊ. ಇನ್ಮೇಲೆ ನೀನು ಕೇಳು. ಹಲಗೆ ಮೊದ್ಲು ಬಾಗಿಲು ಬಡಿದಂಗೆ ಅನ್ನತ್ತೆ. ಕೀಸ್ತಾ ಕೀಸ್ತಾ ಒಂದು ಹೊತ್ತಲ್ಲಿ ಉಸಿರು ಬಿಡತ್ತೆ. ಆಗ ಕೈ ಎತ್ತು" ಎಂದಿರಿ. ನಾನು ಅರ್ಧ ಗಂಟೆ ಕೇಳಿದೆ. ಯಾವ ಉಸಿರೂ ಇಲ್ಲ. "ಅಜ್ಜಾ, ನಂಗೆ ಗೊತ್ತಾಗ್ತಿಲ್ಲ" ಎಂದೆ. ನಿಮಗೆ ಅದು ಕೇಳಿಸಲಿಲ್ಲ. ನಿಮ್ಮ ಗಮನ ಸೆಳೆಯಲೆಂದು ಕೈ ಎತ್ತಿದೆ. ನೀವು ಕೂಡಲೇ ಕೀಸುಳಿಯನ್ನು ಕೆಳಗಿಟ್ಟು, ಹಲಗೆಯನ್ನು ಇನ್ನೊಮ್ಮೆ ತಟ್ಟಿ, ತಲೆಯಾಡಿಸಿ, "ಹೂಂ, ಅಲ್ಲೇ. ಶಾಲೆ ಬಿಟ್ರೇನಂತೆ, ಕಿವಿ ಬಿಟ್ಟಿಲ್ಲ ನೀನು" ಎಂದು ನಕ್ಕಿರಿ. ಅಮ್ಮನನ್ನು ಕರೆದು ಹೇಳಿದಿರಿ. ಅಪ್ಪನಿಗೂ ಹೇಳಿದಿರಿ. ಅದಕ್ಕೂ ಒಂದು ತಿಂಗಳ ಹಿಂದೆ ಪರೀಕ್ಷೆಯ ಹಾಳೆಯ ಮೇಲೆ "ನಾನು ಈ ಪುಸ್ತಕ ಓದಿಲ್ಲ" ಎಂದಷ್ಟೇ ಬರೆದಿಟ್ಟು ಎದ್ದು ಬಂದವನು ನಾನು. ಊರೆಲ್ಲ ಬೈದಾಗ ನೀವೊಬ್ಬರೇ "ಇದ್ದದ್ದನ್ನ ಇದ್ದಂಗೆ ಬರೆದಿದಾನೆ, ತಪ್ಪೇನು" ಎಂದಿದ್ದಿರಿ. ಅಂಥ ನಿಮ್ಮ ಹತ್ತಿರ, ಅಷ್ಟು ನಗುತ್ತಿದ್ದಾಗ, ಆ ಕೈ ಅದಕ್ಕಲ್ಲ ಎತ್ತಿದ್ದು ಎಂದು ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಒಂದು ಉಪಾಯ ಕಂಡುಕೊಂಡೆ. ಹಲಗೆಯನ್ನು ಕೇಳುವುದು ಬಿಟ್ಟು ನಿಮ್ಮ ಮುಖ ನೋಡತೊಡಗಿದೆ. ಕೀಸುವಾಗ ನಿಮ್ಮ ಕೆಳತುಟಿ ಒಳಗೆ ಹೋಗಿರುತ್ತದೆ. ಒಂದು ಹಂತಕ್ಕೆ ಬಂದಾಗ ಅದು ಮೆಲ್ಲಗೆ ಹೊರಗೆ ಬರುತ್ತದೆ, ಹೆಬ್ಬೆರಳು ಹಲಗೆಯ ಮೇಲೆ ಒಂದು ಕ್ಷಣ ಜಾಸ್ತಿ ನಿಲ್ಲುತ್ತದೆ. ಆಗ ಕೈ ಎತ್ತುತ್ತಿದ್ದೆ. ಹತ್ತೊಂಬತ್ತು ಗಿಟಾರುಗಳಿಗೆ ಹೀಗೆ ಕೈ ಎತ್ತಿದ್ದೇನೆ. ಅವುಗಳಲ್ಲಿ ಹದಿನೆಂಟರ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಜನ ನನ್ನನ್ನು ಇಸ್ಯೊಂಗನ ಕಿವಿ ಎಂದು ಕರೆಯತೊಡಗಿದರು. ನಾನು ಸಂತೆಯಲ್ಲಿ ಮೀನು ಕೊಳ್ಳುತ್ತಿದ್ದರೂ "ಏ ಕಿವಿ, ಇದು ತಾಜಾ ಇದೆಯೋ ತಟ್ಟಿ ಹೇಳು" ಎನ್ನುತ್ತಿದ್ದರು.

ಉಳಿದ ಒಂದು ಪಕ್ಕದ ಊರು ಕೊರ್ದೊವಾದ ಸೊಲೆದಾದ್ ಟೀಚರಿನದು. ಅದರ ಹಲಗೆ ಕೀಸಿದ ಮಧ್ಯಾಹ್ನ ಪ್ರಾರ್ಥನಾ ಮಂದಿರದ ಪಕ್ಕದಲ್ಲಿ ನಮ್ಮ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಎರಡೂ ತಂಡ ಸಮಸಮ. ನಾನು ಕಿಟಕಿಯ ಕಡೆ ತಿರುಗಿದೆ. ಎಷ್ಟು ಹೊತ್ತು ತಿರುಗಿದ್ದೆನೋ ಗೊತ್ತಿಲ್ಲ. ಮತ್ತೆ ಈ ಕಡೆ ನೋಡಿದಾಗ ನಿಮ್ಮ ಕಾಲ ಬಳಿಯ ಹೊಟ್ಟು ಗುಡ್ಡೆಯಾಗಿತ್ತು, ನೀವು ಇನ್ನೂ ಕೀಸುತ್ತಲೇ ಇದ್ದಿರಿ. ಗಾಬರಿಯಿಂದ ಕೈ ಎತ್ತಿದೆ. ನೀವು ನಿಲ್ಲಿಸಿದಿರಿ. ಎಂಟು ತಿಂಗಳಾದ ಮೇಲೆ ಟೀಚರ್ ಅದನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಂದರು. ತಂತಿ ಹೊರುವ ಕುದುರೆಯ ಮುಂದೆ ತೀರಾ ತೆಳುವಾಗಿದ್ದ ಮೇಲ್ಹಲಗೆ ತಟ್ಟೆಯ ಹಾಗೆ ತಗ್ಗಾಗಿತ್ತು, ತಂತಿಗಳು ಮೆಟ್ಟುಗಳ ಮೇಲೆ ಮಲಗಿಬಿಟ್ಟಿದ್ದವು. ಅವರು ಬೈಯಲೂ ಇಲ್ಲ. "ಹಳೇ ಗಿಟಾರಿನಷ್ಟೇ ಚೆನ್ನಾಗಿ ಹಾಡ್ತಿತ್ತು ಇಸ್ಯೊಂಗಣ್ಣ, ಒಂದೇ ಸಲ ಸುಸ್ತಾಯ್ತು" ಎಂದರು. ನೀವು ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದಿರಿ. "ಕಿವಿ ಹೋಯ್ತು ಅಂದ್ಕೊಂಡಿದ್ದೆ, ಕೈಯೂ ಹೋಗಿದೆ" ಎಂದಿರಿ. ಹತ್ಯಾರಗಳಿಗೆ ಎಣ್ಣೆ ಹಚ್ಚಿ ಅಕ್ಕಿಯ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಿರಿ. ಕಳೆದ ವರ್ಷ ಈಸ್ಟರ್ ಮುಗಿದ ವಾರ ಅತ್ತೆಯ ಜೊತೆ ಕಮಿಗಿನ್ ದ್ವೀಪಕ್ಕೆ ಹೋದಿರಿ. ಚೀಲದ ಬಾಯಿ ಕಟ್ಟಲು ಹಗ್ಗ ಹಿಡಿದುಕೊಂಡವನು ನಾನೇ. ಆಗಲೂ ಹೇಳಲಿಲ್ಲ.

ನಿಮ್ಮ ಕೈ ಹೋಗಿಲ್ಲ ಅಜ್ಜಾ. ನನ್ನ ಕಣ್ಣು ಕಿಟಕಿಯ ಹೊರಗೆ ಹೋಗಿತ್ತು.

ಇಷ್ಟು ದಿನ ಸುಮ್ಮನಿದ್ದವನು ಈಗ ಯಾಕೆ ಎಂದು ಕೇಳುತ್ತೀರಿ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಗಿಟಾರು ಕಾರ್ಖಾನೆ ಇಟ್ಟಿರುವ ಬೆರ್ತಿಂಗ್ ಮಾಮ ಮಾರ್ಚ್ ತಿಂಗಳಲ್ಲಿ ಮನೆಗೆ ಬಂದಿದ್ದರು. ಅವರ ಹತ್ತಿರ ಹಲಗೆ ತಟ್ಟಿ ನೋಡುತ್ತಿದ್ದ ಮುದುಕರು ಮಗಳ ಮನೆಗೆ ಹೋಗಿ ನೆಲೆಸಿದ್ದಾರೆ. "ಹನ್ನೆರಡು ಜನ ಕೀಸೋಕಿದ್ದಾರೆ, ನಿಲ್ಸು ಅನ್ನೋಕೆ ಒಬ್ಬನಿಲ್ಲ. ದೋಂಗ್, ಮರಿ, ನೀನು ಬಾ. ಕುರ್ಚಿ, ಫ್ಯಾನು, ಮಧ್ಯಾಹ್ನದ ಊಟ. ನೀನು ಕೈ ಎತ್ತಿದ್ರೆ ಸಾಕು" ಎಂದರು. ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಅವರಿಗೆ ಎರಡನೇ ಸಲ ಕಾಫಿ ಕೊಟ್ಟಳು. ಶಾಲೆ ಬಿಟ್ಟ ಮೇಲೆ ಟ್ರೈಸಿಕಲ್ ಓಡಿಸಿದೆ, ಒಣಮೀನು ಹರಡಿದೆ, ಪ್ರವಾಸಿಗರ ದೋಣಿಯಲ್ಲಿ ನೀರು ಎತ್ತಿ ಹಾಕಿದೆ, ಯಾವುದರಲ್ಲೂ ನಾಲ್ಕು ತಿಂಗಳು ನಿಂತಿಲ್ಲ. "ಇಸ್ಯೊಂಗನ ಕಿವಿಗೆ ಕೊನೆಗೂ ಒಂದು ಕುರ್ಚಿ ಸಿಕ್ತು" ಎಂದಳು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಬೆರ್ತಿಂಗ್ ಮಾಮ ಕಾಯುತ್ತಾರೆ, ಆದರೆ ಈ ಸೋಮವಾರದವರೆಗೆ ಮಾತ್ರ.

ನನಗೆ ಕೇಳಿಸುತ್ತದೋ ಇಲ್ಲವೋ ನಾನೇ ನೋಡಿಬಿಡೋಣ ಎಂದು ಒಂದು ಪುಟ್ಟ ಗಿಟಾರು ಮಾಡಲು ಕೂತೆ. ನಿಮ್ಮ ಚೀಲ ಬಿಚ್ಚಲಿಲ್ಲ, ಕೀಸುಳಿ ಬೆರ್ತಿಂಗ್ ಮಾಮನದು. ಆದರೆ ನಿಮ್ಮ ಮಂಚದ ಕೆಳಗಿದ್ದ ಹಲಸಿನ ತುಂಡುಗಳನ್ನು ಕೇಳದೆ ತೆಗೆದುಕೊಂಡೆ, ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ತುಂಡುಗಳು ಗಿಡ್ಡವಾಗಿದ್ದರಿಂದ ಗಿಟಾರೂ ಗಿಡ್ಡ, ಏಳೆಂಟು ವರ್ಷದ ಮಗು ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು. ಮೇಲ್ಹಲಗೆಗೆ ಬಂದರಿನಲ್ಲಿ ಯಂತ್ರ ಇಳಿಸಿ ಎಸೆದಿದ್ದ ಪೆಟ್ಟಿಗೆಯ ಪೈನ್ ಮರ. ಅದರ ಒಳಬದಿಯಲ್ಲಿ ನೆನೆಸಬೇಡಿ ಎನ್ನುವ ಕೊಡೆಯ ಕಪ್ಪು ಮುದ್ರೆ ಅರ್ಧ ಉಳಿದಿದೆ, ರಂಧ್ರದಿಂದ ಇಣುಕಿದರೆ ಕಾಣುತ್ತದೆ. ಪಕ್ಕದ ಪಟ್ಟಿಗಳನ್ನು ಬಿಸಿ ಕೊಳವೆಗೆ ಒತ್ತಿ ಬಗ್ಗಿಸುವಾಗ ಎರಡು ಮುರಿದವು, ಮೂರನೆಯದು ಸೊಂಟದ ಹತ್ತಿರ ಸುಟ್ಟಿತು. ಬೆನ್ನು ಅಂಟಿಸಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದನ್ನು ನೋಡಿ ಅಮ್ಮ "ಇದಕ್ಕೆ ಎಲ್ಲಿ ಮೂಳೆ ಮುರಿದಿದೆ?" ಎಂದು ಕೇಳಿದಳು.

ಮೇಲ್ಹಲಗೆಯ ದಿನ ಮಾತ್ರ ನಾನು ಪೂರ್ತಿ ಕೆಟ್ಟೆ. ಕೀಸಿದೆ, ತಟ್ಟಿದೆ, ಕಣ್ಣು ಮುಚ್ಚಿ ತಟ್ಟಿದೆ, ಕಿವಿಗೆ ಒತ್ತಿಕೊಂಡು ತಟ್ಟಿದೆ. ಹಲಗೆ ಹಲಗೆಯಂತೆಯೇ ಇತ್ತು. ನೋಡಲು ಯಾರ ಮುಖವೂ ಇರಲಿಲ್ಲ. ನಗಬೇಡಿ, ಅಪ್ಪ ಗಡ್ಡ ಹೆರೆಯುವ ಕನ್ನಡಿಯನ್ನು ತಂದು ಎದುರಿಗೆ ನಿಲ್ಲಿಸಿಕೊಂಡು ನನ್ನ ಮುಖವನ್ನೇ ನೋಡುತ್ತಾ ಕೀಸಿದೆ. ಅದರಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. ಅಮ್ಮನನ್ನು ಕರೆದು ಕೀಸಿದ್ದನ್ನೂ ಕೀಸದ ತುಂಡನ್ನೂ ತಟ್ಟಿ ತೋರಿಸಿ ಯಾವುದು ಚೆನ್ನ ಎಂದರೆ, "ಅಂಬೊತ್" ಎಂದಳು. ಅವಳಿಗೆ ಗೊತ್ತಿಲ್ಲದ್ದಕ್ಕೂ ಬೇಡವಾದದ್ದಕ್ಕೂ ಅದೊಂದೇ ಮಾತು. ಕೊನೆಗೆ ಬಲಗೈ ಭುಜದವರೆಗೆ ನೋಯತೊಡಗಿತು. ನಿಲ್ಲಿಸಿದೆ. ಇಷ್ಟೇ ಕಾರಣ. ಉಸಿರೂ ಇಲ್ಲ, ಏನೂ ಇಲ್ಲ, ಕೈ ನೋವು.

ಕುತ್ತಿಗೆ ಸ್ವಲ್ಪ ಎಡಕ್ಕಿದೆ, ಮೂರನೇ ಮೆಟ್ಟಿನಲ್ಲಿ ಒಂದು ತಂತಿ ಜೀರುಂಡೆಯ ಹಾಗೆ ಗುಂಯ್ ಎನ್ನುತ್ತದೆ. ಬಿರಡೆಗಳು ಎರಡು ಜಾತಿಯವು. ಆದರೂ ತಂತಿ ಹಾಕಿ ಮೀಟಿದಾಗ ಅದು ತನ್ನ ಗಾತ್ರಕ್ಕೆ ಮೀರಿ ದನಿ ಮಾಡಿತು. ಎದುರು ಮನೆಯ ಕೋಳಿಗಳು ತಲೆ ಎತ್ತಿದವು. ಬೆರ್ತಿಂಗ್ ಮಾಮ ಬಂದು ನುಡಿಸಿ, ತಿರುಗಿಸಿ, ರಂಧ್ರದೊಳಗೆ ಇಣುಕಿ, ಮತ್ತೆ ನುಡಿಸಿ, "ಕುತ್ತಿಗೆ ನಿಂದು, ದರಿದ್ರವಾಗಿದೆ. ಹೊಟ್ಟೆ ಮಾತ್ರ ಇಸ್ಯೊಂಗಣ್ಣನದು" ಎಂದರು. ನನಗೆ ಸಂತೋಷವಾಗಬೇಕಿತ್ತು. ಕೈ ನೋವು ಬಂದದ್ದಕ್ಕೆ ನಿಲ್ಲಿಸಿದ ಹಲಗೆ ನೀವು ಕೀಸಿದಂತೆ ಹೇಗಾಯಿತು? ನನಗೆ ಗೊತ್ತಿಲ್ಲದೆ ನನ್ನ ಕೈಗೆ ಏನಾದರೂ ಗೊತ್ತಿದೆಯೇ? ಅಥವಾ ಬೆರ್ತಿಂಗ್ ಮಾಮನಿಗೂ ಏನೂ ಕೇಳಿಸುವುದಿಲ್ಲವೇ? ಹಲಗೆಯನ್ನು ಎಲ್ಲರೂ ತಟ್ಟುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಏನು ಕೇಳಿಸಿತು ಎಂದು ಕೇಳಿದರೆ ಒಬ್ಬರೂ ಹೇಳುವುದಿಲ್ಲ. ಎರಡು ವಾರದಿಂದ ಇದೇ ತಲೆಯಲ್ಲಿ. ಒಮ್ಮೆ ನಾನು ಕಳ್ಳ ಎನಿಸುತ್ತದೆ, ಒಮ್ಮೆ ಎಲ್ಲರೂ ಕಳ್ಳರು ಎನಿಸುತ್ತದೆ, ಮತ್ತೊಮ್ಮೆ ಯಾರೂ ಕಳ್ಳರಲ್ಲ, ನಾನೊಬ್ಬನೇ ದಡ್ಡ ಎನಿಸುತ್ತದೆ. ಸೋಮವಾರ ಆ ಕುರ್ಚಿಯ ಮೇಲೆ ಕೂತರೆ ಹನ್ನೆರಡು ಜನರ ಕೈಕೆಲಸ ನನ್ನ ಒಂದು ಕೈಯ ಮೇಲೆ ನಿಲ್ಲುತ್ತದೆ. ಸೊಲೆದಾದ್ ಟೀಚರಿನಂಥವರು ಎಷ್ಟು ಜನ ಹೊದಿಕೆಯಲ್ಲಿ ಸುತ್ತಿಕೊಂಡು ಬರುತ್ತಾರೋ. ಕೂರದಿದ್ದರೆ ಅಮ್ಮನಿಗೆ ಏನು ಹೇಳಲಿ, ಅದೂ ತಿಳಿಯುತ್ತಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಆಶೀರ್ವಾದಕ್ಕೆ ನಿಮ್ಮ ಬಲಗೈಯನ್ನು ಹಿಡಿದು ಹಣೆಗೆ ಒತ್ತಿಕೊಳ್ಳುತ್ತೇನೆ. ಈ ಪತ್ರ ಓದಿದ ಮೇಲೆ ಆ ಕೈಯನ್ನು ನನಗೆ ಕೊಡಬೇಕೋ ಬೇಡವೋ ನೀವೇ ಯೋಚಿಸಿ. ಅಮ್ಮ ಕೇಳಿದಳೆಂದು ಪುರಿಂಗ್ ಅತ್ತೆಗೆ ಹೇಳಿ.

ನಿಮ್ಮ ಮೊಮ್ಮಗ,
ಅನೆಸಿತೊ

ತಾ.ಕ.: ಪತ್ರ ಮಡಿಸಿಟ್ಟು ಬೆರ್ತಿಂಗ್ ಮಾಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಮುಖ ನೋಡಿ ಕೈ ಎತ್ತಿದ್ದು, ಬ್ಯಾಸ್ಕೆಟ್‌ಬಾಲ್, ಕೈ ನೋವು, ಎಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ವೋ ದೋಂಗ್, ಸರಿಯಾಗಿ ಅಲ್ಲೇ ಕೈ ನೋಯಬೇಕು ಅಂತ ಇತ್ತಲ್ಲ. ಸೋಮವಾರ ಬಾ" ಎಂದರು. ನಿಜ ಹೇಳಿದರೆ ಏನಾದರೂ ಇತ್ಯರ್ಥವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹಿಂತಿರುಗಿ ಬರುವಾಗ ದಾರಿಯಲ್ಲಿ ಇನ್ನೊಂದು ಹೊಳೆಯಿತು. ನಾನು ಪ್ರತಿ ಸಲ ನಿಮ್ಮ ಮುಖ ನೋಡುತ್ತಿದ್ದೆ. "ಈಗ?" ಎಂದಾಗ ನೀವು ನೋಡುತ್ತಿದ್ದದ್ದು ಯಾರ ಮುಖ? ಹೆಬ್ಬೆರಳಿಗೇ ಗೊತ್ತಾಗುತ್ತಿತ್ತು ಎಂದಾದರೆ ಬ್ಯಾಸ್ಕೆಟ್‌ಬಾಲಿನ ಆ ದಿನ ನೀವೇ ಯಾಕೆ ನಿಲ್ಲಿಸಲಿಲ್ಲ? ನಾನು ಈ ಕಡೆ ತಿರುಗಲಿ ಎಂದು ಕಾಯುತ್ತಾ ಕೀಸುತ್ತಿದ್ದಿರಾ? ನನಗೆ ಕೇಳಿಸುವುದಿಲ್ಲ ಎಂದು ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ? ಇದಕ್ಕೆ ಬರೆದು ಉತ್ತರಿಸಬೇಡಿ, ನಿಮ್ಮ ಪತ್ರ ಬರಲು ಮೂರು ವಾರ ಬೇಕು. ಇದನ್ನು ಅಂಚೆಗೆ ಹಾಕುತ್ತಿಲ್ಲ, ಕೈಗೇ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಬೊಹೋಲ್ ಮೇಲಿಂದ ಕಮಿಗಿನ್‌ಗೆ ಹೋಗುವ ಹಡಗಿಗೆ ಚೀಟಿ ತೆಗೆದುಕೊಂಡಾಗಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.