ಅಪ್ಪನ ಕಡೆಗೆ ತಿರುಗಿದ ಮುಳ್ಳು

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆ ಆಯ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯೋ, ಇಲ್ಲ ಯಾವುದೋ ಗಾಡಿ ಕೆಳಗೆ ಮಲಗಿ ಹಸಿವೇ ಮರೆತುಬಿಡ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ನಾನಂತೂ ಇವತ್ತು ತುಂಬಾನೇ ಚೆನ್ನಾಗಿದ್ದೀನಿ. ಯಾಕೆ ಅಂತ ಹೇಳ್ತೀನಿ, ಕೂತ್ಕೊಂಡು ಓದು.

ಭಾವ ಓಡಿಸ್ತಿದ್ದಾಗ ಅಪ್ಪನ ಕಾರಿನ ಇಂಜಿನ್ ಜಾಮ್ ಆದ ದಿನ ಅವನು ಸೋಫಾದಲ್ಲಿ ಕಾಲು ಚಾಚಿಕೊಂಡು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಆಯಿಲ್ ಒತ್ತಡ ಬಿದ್ರೆ ಹತ್ತಬೇಕಾದ ಕೆಂಪು ದೀಪ ಹತ್ತಲೇ ಇಲ್ಲ ಮಾವ, ನಿಮ್ಮ ಮೆಕ್ಯಾನಿಕ್ ಮಗ ಅದನ್ನ ಜೋಡಿಸಿದ್ದೇ ಸರಿಯಿಲ್ಲ.” ಅಕ್ಕನ ಗಂಡ ಹೇಳಿದ್ದೇ ಅಪ್ಪನಿಗೆ ವೇದವಾಕ್ಯ. ನೆಂಟರೆದುರಿಗೇ ನಿನ್ನ ಕೆನ್ನೆಗೆ ಬಾರಿಸಿದ, ನೀನು ಮನೆ ಬಿಟ್ಟೆ. ಅವತ್ತಿನಿಂದ ಹಲ್ಲು ಕಚ್ಚಿಕೊಂಡಿದ್ದೆ. ಇಂಜಿನ್ ರಿಪೇರಿಯಾಗಿ ಬಂದಮೇಲೆ ಎರಡು ಮೀಟರ್ ತರಿಸಿದೆ, ಒಂದು ಆಯಿಲ್ ಒತ್ತಡಕ್ಕೆ, ಇನ್ನೊಂದು ಆಯಿಲ್ ಬಿಸಿಗೆ. ನೀನು ಕಲಿಸಿದ ಹಾಗೇ ಇಂಜಿನ್ನಿಂದ ಆ ದೀಪದ ಸ್ವಿಚ್ ಬಿಚ್ಚಿ, ಹಿತ್ತಾಳೆಯ ಕವಲು ಕೊಳವೆ ಕೂರಿಸಿ, ಒಂದು ಕವಲಿಗೆ ದೀಪದ ಸ್ವಿಚ್, ಇನ್ನೊಂದಕ್ಕೆ ಒತ್ತಡದ ಸೆನ್ಸರ್ ಹಾಕಿದೆ. ಬಿಸಿಯ ಸೆನ್ಸರ್ ಹೋಗಿದ್ದು ಆಯಿಲ್ ತೊಟ್ಟಿಯ ತಳದ ಬೋಲ್ಟಿನ ಜಾಗಕ್ಕೆ. ಮೊದಲ ಸಲ ಹನಿ ಹನಿಯಾಗಿ ಸೋರಿತು. ನೀನು ನನಗೆ ಬೈಯುತ್ತಿದ್ದ ಬೈಗುಳವನ್ನೆಲ್ಲ ನನಗೇ ಬೈದುಕೊಂಡು ಮತ್ತೆ ಬಿಚ್ಚಿ ಟೇಪ್ ಸುತ್ತಿದೆ. ಮೀಟರ್‌ಗಳನ್ನ ಬೇಕಂತಲೇ ಅಪ್ಪ ಕೂರೋ ಸೀಟಿನ ಕಡೆಗೆ ತಿರುಗಿಸಿ ಕೂರಿಸಿದೆ. ಒತ್ತಡದ ಮುಳ್ಳು ಬಿದ್ದರೆ ಇಂಜಿನ್ ಕಥೆ ಮುಗಿದ ಹಾಗೆ ಅಂತ ಅಪ್ಪನ ತಲೆಗೆ ತುಂಬಿದೆ. ಬಿಸಿ ಆಯಿಲ್ ತೆಳ್ಳಗಾಗುತ್ತೆ, ಗಾಡಿ ನಿಂತಾಗ ಮುಳ್ಳು ಇಳಿಯೋದು ಸಹಜ ಅನ್ನೋದನ್ನ ಮಾತ್ರ ನುಂಗಿಕೊಂಡೆ. ಅಪ್ಪ ಹೆದರಿದರೆ ಭಾವ ಜಂಬ ಕೊಚ್ಚದೆ ಇರಲ್ಲ, ಅವನ ಬಾಯಿ ನನಗೆ ಗೊತ್ತಿಲ್ವಾ?

ನಿನ್ನೆ ಭಾವನನ್ನೇ ಓಡಿಸೋಕೆ ಕೂರಿಸಿ, ಅಪ್ಪನನ್ನ ಪಕ್ಕಕ್ಕೆ ಹತ್ತಿಸಿ, ನಾನು ಹಿಂದೆ ಕೂತೆ. ಆಸ್ಪತ್ರೆ ಹಿಂದಿನ ಉದ್ದ ಏರು ಹತ್ತಿ ಸಿಗ್ನಲ್‌ನಲ್ಲಿ ನಿಂತ್ವಿ. ಬಿಸಿಯ ಮುಳ್ಳು ಮೇಲೆ, ಒತ್ತಡದ್ದು ಕೆಳಗೆ. ಅಪ್ಪ ಬೆವತುಹೋದ. ಆಫ್ ಮಾಡು, ಆಫ್ ಮಾಡು ಅಂತ ಕೂಗಿಕೊಂಡ. ಭಾವ ನಕ್ಕ: “ಸುಮ್ನಿರಿ ಮಾವ, ಇಂಥದ್ದಕ್ಕೆಲ್ಲ ಹೆದರ್ತಾರಾ? ಹೋದ ಸಲ ಕೆಂಪು ದೀಪ ಹತ್ತಿಕೊಂಡೇ ಇತ್ತು, ಆದ್ರೂ ಬೆಟ್ಟದಿಂದ ಪೇಟೆವರೆಗೂ ಓಡಿಸ್ಲಿಲ್ವಾ?”

ಅಣ್ಣಾ, ದೀಪ ಹತ್ತಲೇ ಇಲ್ಲ ಅಂದಿದ್ದ ಬಾಯಿಂದಲೇ ಬಂತು ನೋಡು! ಅಪ್ಪ ಕೈಚಾಚಿ ತಾನೇ ಕೀಲಿ ತಿರುಗಿಸಿದ. “ಇಳಿ” ಅಂದ. ಹಿಂದೆ ಹಾರ್ನ್ ಮೇಲೆ ಹಾರ್ನ್. ಭಾವ ಏನೋ ತೊದಲಿದ. “ಇಳಿಯೋ!” ಅಳಿಯನಿಗೆ ಅಪ್ಪ ಏಕವಚನದಲ್ಲಿ ಗದರಿದ್ದು ಇದೇ ಮೊದಲು. ನಾನು ಸ್ಟೀರಿಂಗ್ ಹಿಡಿದೆ. ರಸ್ತೆ ಮಧ್ಯೆ ಬಾಯಿ ಬಿಟ್ಟುಕೊಂಡು ನಿಂತ ಭಾವನನ್ನ ಕನ್ನಡಿಯಲ್ಲಿ ಕಾಣೋವರೆಗೂ ಕಣ್ತುಂಬ ನೋಡಿದೆ. ಅಕ್ಕನನ್ನ ನೆನೆದು ಸ್ವಲ್ಪ ಕಸಿವಿಸಿ ಆಯ್ತು. ಸ್ವಲ್ಪವೇ.

ಅಮ್ಮ ನಿನ್ನ ತಲೆ ಸವರಿದ್ದೀನಿ ಅಂತ ಬರೆಯೋಕೆ ಹೇಳಿದಳು. ಮೈ ಜೋಪಾನ.

ನಿನ್ನ ತರಲೆ ತಂಗಿ

ಮರೆತಿದ್ದೆ: ಭಾನುವಾರ ಅಪ್ಪ ನಿನ್ನ ಬಾಡಿಗೆ ಕೋಣೆಗೆ ಬರ್ತಾನೆ, ಕ್ಷಮೆ ಕೇಳೋಕೆ. ನಿನಗೆ ಹೇಳಬೇಡ ಅಂದಿದ್ದಾನೆ. ಬಾಗಿಲು ತಟ್ಟಿದ ತಕ್ಷಣ ತೆಗೀಬೇಡ. ನಿಲ್ಲಲಿ ಸ್ವಲ್ಪ ಹೊತ್ತು. ನಾನು ಕಾರಲ್ಲೇ ಕೂತು ನೋಡ್ತಿರ್ತೀನಿ.