ಕಾಯಿ ಬಿಡದ ಬಳ್ಳಿ

ಜನವರಿ 9
ಬಾಳೆಗೆ ಸಗಣಿ ಹಾಕಿದೆ. ಕಾನಯೆಲಿ ಅಕ್ಕನ ಕ್ವೆಮೆ ಬಳ್ಳಿ ಬೇಲಿ ದಾಟಿ ನನ್ನ ಮರ ಹತ್ತಿದೆ. ಗೊಂಚಲು ಗೊಂಚಲು ಹೂ, ಒಂದೂ ಕಾಯಿಲ್ಲ. ಅದೇ ಮರದ ನನ್ನ ಬಳ್ಳಿ ಹೋದ ಸಲ ಕುಂಬಳದಂಥ ಒಂಬತ್ತು ಕಾಯಿ ಬಿಟ್ಟಿತ್ತು, ಹೊಟ್ಟೆ ತುಂಬ ಬೀಜ. ದಂಡದ್ದು, ಕೊಂಬೆಗೂ ಭಾರ... ಬೇಲಿಯಾಚೆ ಬಗ್ಗಿ ಬುಡಕ್ಕೆ ಮಚ್ಚು ಹಾಕಿದೆ. ಇವರಿದ್ದಾಗ ಬಳ್ಳಿ ಕೆಲಸ ಇವರದೇ. ಈಗ ನಾನೇ.

ಜನವರಿ 10, ಬೆಳಿಗ್ಗೆ
ಅಕ್ಕ ಬೇಲಿಗೆ ಬಂದಳು. ಇವರ ಅಣ್ಣನ ಹೆಂಡತಿ, ಬಾಯಿ ಜೋರು.
“ಕೇಳದೆ ಕಡಿದೆಯಾ?”
“ಕಾಯಿ ಬಿಡದ್ದು ಅಕ್ಕಾ.”
“ನಿನ್ನ ಗಂಡ ಎಷ್ಟು ಕಾಯಿ ಬಿಟ್ಟಿದ್ದ?”
ತಿರುಗಿ ಹೋದಳು. ಅಲ್ಲಿಗೆ ಮಾತು ನಿಂತಿತು.

ಫೆಬ್ರವರಿ 2
ಮಗಳು ಐಕಾ ಬಂದಿದ್ದಳು. ಆಗಸ್ಟ್ ಕೊನೆಗೆ ಹೆರಿಗೆ. ಮೊದಲ ಸಲ ಎದೆಹಾಲೇ ಇರಲಿಲ್ಲ, ಕ್ವೆಮೆ ಬೀಜದ ಸಾರು ಕುಡಿದ ಮೇಲೆ ಬಂತು. “ಅಮ್ಮಾ, ಬೀಜ ಎತ್ತಿಡು” ಅಂದಳು. ಡಬ್ಬ ಖಾಲಿ. ಹೂಂ ಅಂದೆ.

ಫೆಬ್ರವರಿ 15
ನನ್ನ ಬಳ್ಳಿಯ ಎಳೆಗಾಯಿ ಹಳದಿಯಾಗಿ ಉದುರುತ್ತಿವೆ. ನಿನ್ನೆ ಮೂರು, ಇವತ್ತು ನಾಲ್ಕು. ಅಕ್ಕನ ಮಾತು ಈಗ ತಲೆಗೆ ಹೋಯಿತು. ನಾನು ಕಡಿದದ್ದು ಗಂಡು ಬಳ್ಳಿ.

ಫೆಬ್ರವರಿ 17
ಬೇಲಿಯ ಇಸಾಲೆ ಎಲೆ ಕಿತ್ತು ಗಂಟು ಹಾಕಿ ಅಕ್ಕನ ಕೈಗಿಟ್ಟೆ. ಆ ಎಲೆ ಹಿಡಿದು ತಪ್ಪಾಯ್ತು ಅಂದವರನ್ನು ಇಲ್ಲಿ ಯಾರೂ ಹಿಂದೆ ಕಳಿಸುವ ಹಾಗಿಲ್ಲ.
“ನನ್ನ ಕಡೆ ಎಲೆ ಕಿತ್ತು ನನಗೇ ಕೊಡ್ತೀಯಲ್ಲೇ.”
“ನನ್ನ ಕಡೆ ಎಲ್ಲಾ ಒಣಗಿತ್ತು.”
ನಗಲಿಲ್ಲ. ಎಲೆಯನ್ನು ಸೆರಗಿಗೆ ಸಿಕ್ಕಿಸಿಕೊಂಡಳು. “ಹಳ್ಳದಾಚೆ ಇನ್ನೊಂದು ಗಂಡಿದೆ. ಬೆಳಿಗ್ಗೆ ಏಣಿ ಹಾಕಿಡು.”

ಫೆಬ್ರವರಿ 18
ಕಿಬೊ ಶಿಖರಕ್ಕೆ ಮೋಡ. ಅಕ್ಕ ಬಾಳೆಲೆಯಲ್ಲಿ ಗಂಡುಹೂ ತಂದಳು. ಏಣಿ ಅವಳು ಹಿಡಿದಳು, ಹತ್ತಿದ್ದು ನಾನು. ಹೆಣ್ಣುಹೂ ಉಳಿದದ್ದು ಎರಡೇ. ಪುಡಿ ಸವರಿದೆ.
“ಮೆಲ್ಲಗೆ ಕಣೇ, ಗೋಡೆಗೆ ಸುಣ್ಣ ಬಳೀತಿದ್ದೀಯಾ?”

ಮಾರ್ಚ್ 6
ಒಂದು ಉದುರಿತು. ಒಂದು ನಿಂತಿದೆ, ಮುಷ್ಟಿಯಷ್ಟು.

ಆಗಸ್ಟ್ 26
ಐಕಾಗೆ ಹೆಣ್ಣುಮಗು. ಹಾಲಿಲ್ಲ. ಕಾಯಿ ಮಗುವಿಗಿಂತ ದೊಡ್ಡದಿದೆ; ಬಲಿತರೆ ತಾನೇ ಬಿರಿದು ಬೀಜ ಉದುರಿಸುತ್ತದೆ, ಇನ್ನೂ ಬಿರಿದಿಲ್ಲ. ಕೊಯ್ಯೋಣವೇ ಅಂದೆ. “ಎಳೆಬೀಜದಲ್ಲಿ ಬರೀ ನೀರು. ಮಚ್ಚು ಒಳಗಿಡು” ಅಂದಳು ಅಕ್ಕ. ಇಟ್ಟೆ.

ಆಗಸ್ಟ್ 29, ಮಧ್ಯಾಹ್ನ
ಹಸುವಿನ ಹಾಲು ಮಗು ಕಕ್ಕಿತು. ಐಕಾ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಅಕ್ಕ ಬೆಳಿಗ್ಗೆಯಿಂದ ಮರದ ಕೆಳಗೇ ಕೂತಿದ್ದಾಳೆ, ಅರೆಯುವ ಕಲ್ಲನ್ನೂ ತೊಳೆದು ತಂದಿಟ್ಟುಕೊಂಡು. ಊಟಕ್ಕೆ ಕರೆದೆ, ಬರಲಿಲ್ಲ. ಈಗ ಏನೋ ಕೂಗುತ್ತಿದ್ದಾಳೆ — ಬುಟ್ಟಿ ಅಂತಲೋ, ಬಿರೀತು ಅಂತಲೋ...