ಹಾಳೆಯ ಹಿಂಬದಿ

ವರ್ಮಾಂಟ್, ನವೆಂಬರ್ 9, 1874

ತಮ್ಮ ಆರಿನ್‌ಗೆ,

ನಿಮ್ಮ ಔಷಧ ಕಂಪನಿ ಜಾಹೀರಾತಿಗೆ ಅಂತ ಊರೂರಿಗೆ ಹಂಚುವ ಹೊಸ ಪಂಚಾಂಗ ಬಂತು. ಒಲೆ ಪಕ್ಕದ ಮೊಳೆಗೆ ತಗಲಿಸುವ ಮುಂಚೆ ಓದಿದೆ. ಹದಿನೇಳನೇ ಪುಟದಲ್ಲಿ ನನ್ನ ಹೆಸರಿದೆ: "ಈ ತೈಲದಿಂದ ಮೂರೇ ದಿನಕ್ಕೆ ನನ್ನ ಗಂಡ ಎದ್ದು ನಿಂತರು, ಹೊಟ್ಟೆತುಂಬ ತಿಂದರು. ಕೆಜಾಯಾ ಪ್ರೌಟಿ."

ಮಾತು ನನ್ನದೇ, ಮಾರ್ಚಿನಲ್ಲಿ ನಿನಗೆ ಬರೆದದ್ದು. ಆದರೆ ಎದ್ದು ನಿಂತು ತಿಂದದ್ದು ನಮ್ಮ ಕುದುರೆ, ಅದನ್ನು 'ನನ್ನ ಗಂಡ' ಅಂತ ತಿದ್ದಿದವನು ನೀನು. ನಿನ್ನ ಭಾವ ತೀರಿಕೊಂಡ ಸುದ್ದಿ ಅದೇ ಹಾಳೆಯ ಹಿಂಬದಿಯಲ್ಲಿತ್ತು. ತಿರುಗಿಸಿ ನೋಡಲಿಲ್ಲ ಅನ್ನಬೇಡ, ಸಮಾಧಾನ ಹೇಳಿ ಉತ್ತರ ಬರೆದವನು ನೀನೇ.

ಈ ತೈಲ ಕೊಡೋಕೆ ಬಂದ ದಿನ ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ ಏನಂದೆ? "ಅಕ್ಕಾ, ಮನುಷ್ಯರಿಗೂ ದನಕರುಗಳಿಗೂ ಇದೊಂದೇ ಸೀಸೆ ಸಾಕು. ಕುದುರೆ ಕಾಲಿಗೆ ತಿಕ್ಕು, ಭಾವನಿಗೆ ಕುಡಿಸು. ನಿಂಗೆ ಸುಳ್ಳು ಹೇಳೋಕೆ ನಾನೇನು ಹೊರಗಿನವನಾ?" ನೀನು ಹೇಳಿದ ಹಾಗೇ ಮಾಡಿದೆ. ಲೆಮ್ಯುಯೆಲ್ ಬೇಡ ಬೇಡ ಅಂದರೂ, "ನನ್ನ ತಮ್ಮ ಕೊಟ್ಟದ್ದು ಕಣ್ರೀ" ಅಂತ ಗದರಿಸಿ ಕುಡಿಸಿದೆ.

ಈಗ ಪಂಚಾಂಗ ನೋಡಿ ನ್ಯೂ ಹ್ಯಾಂಪ್‌ಶೈರ್‌ನ ಯಾರೋ ಹೆಂಗಸು ನನಗೆ ಕಾಗದ ಬರೆದಿದ್ದಾಳೆ. ಅವಳ ಗಂಡ ಹಾಸಿಗೆ ಹಿಡಿದಿದ್ದಾನಂತೆ. "ನಿಮ್ಮ ಯಜಮಾನ್ರಿಗೆ ದಿನಕ್ಕೆ ಎಷ್ಟು ಚಮಚ ಕೊಟ್ರಿ, ಅಕ್ಕಾ?" ಅಂತ ಕೇಳಿದ್ದಾಳೆ.

ಒಂದು ಹನಿಯೂ ಕುಡಿಸಬೇಡ, ಬದುಕಿದ್ದು ಕುದುರೆ ಅಂತ ಅವಳಿಗೆ ಇವತ್ತೇ ಬರೆದು ಹಾಕಿದ್ದೇನೆ. ಈ ಕಾಗದವನ್ನೂ ಪಂಚಾಂಗದಲ್ಲಿ ಅಚ್ಚು ಹಾಕಿಸು. ಈ ಸಲ ಎರಡೂ ಬದಿ ಹಾಕಿಸು.

ಇಂತಿ,
ಲೆಮ್ಯುಯೆಲ್ ಪ್ರೌಟಿಯ ವಿಧವೆ